ಡೆಡ್ ರೆಂಟು, ಡೆಡ್ ಸ್ಟಾಕು ಮತ್ತು ನಮ್ಮಪ್ಪ

ಹೋದ ವರ್ಷ ಅಕೌಂಟ್ಸ್ ತರಗತಿಯಲ್ಲಿ ನಮ್ಮ ಸರ್ ಬೋರ್ಡಿನ ಮೇಲೆ ‘ಡೆಡ್ ರೆಂಟ್’ ಎಂದು ಬರೆದರು. ಗಣಿಯನ್ನು ಗುತ್ತಿಗೆ ಹಿಡಿದವನು ಅದರೊಳಗಿಂದ ಒಂದು ಬುಟ್ಟಿ ಕಲ್ಲು ತೆಗೆಯಲಿ ಬಿಡಲಿ, ವರ್ಷಕ್ಕೆ ಇಷ್ಟು ಎಂದು ಕಟ್ಟಲೇಬೇಕಾದ ಹಣಕ್ಕೆ ಆ ಹೆಸರು. ನಮ್ಮ ದೇಶದ 1957ರ ಗಣಿ ಮತ್ತು ಖನಿಜ ಕಾಯಿದೆಯಲ್ಲೂ ಈ ಪದ ಹೀಗೇ ಇದೆ. ಹತ್ತನೆಯ ತನಕ ಕನ್ನಡ ಶಾಲೆಯಲ್ಲಿ ಓದಿದವರಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಇಂಗ್ಲಿಷ್ ಪದ ಕಿವಿಗೆ ಬಿದ್ದ ಕೂಡಲೇ ಮನಸ್ಸಿನೊಳಗೆ ಅದನ್ನು ಕನ್ನಡಕ್ಕೆ ತಿರುವಿ ನೋಡುವುದು. ನಾನು ನೋಟ್‌ಬುಕ್ಕಿನ ಅಂಚಿಗೆ ‘ಸತ್ತ ಬಾಡಿಗೆ’ ಎಂದು ಬರೆದೆ. ಪಕ್ಕದಲ್ಲಿ ಕೂತಿದ್ದ ಗೆಳೆಯ, ಅವನೂ ನಮ್ಮ ಕಡೆಯವನೇ, ಅದನ್ನು ಓದಿ ಕಿಸಕ್ಕನೆ ನಕ್ಕ. ಸರ್ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿದರು.

ನಿಂತುಕೊಂಡೇ ಕೆಳಗೆ ನೋಡಿದೆ. ನಾನು ಕೂತಿದ್ದ ಬೆಂಚಿನ ಬದಿಗೆ ಬಿಳಿ ಬಣ್ಣದಲ್ಲಿ ‘ಡಿ.ಎಸ್. ನಂ.’ ಎಂದು ಬರೆದು ಒಂದು ಸಂಖ್ಯೆ ಹಾಕಿದ್ದರು. ಡಿ.ಎಸ್. ಅಂದರೆ ಡೆಡ್ ಸ್ಟಾಕ್. ಕುರ್ಚಿ, ಕಪಾಟು, ಬೆಂಚು, ಬೋರ್ಡು ಎಲ್ಲವೂ ಡೆಡ್ ಸ್ಟಾಕ್ ರಿಜಿಸ್ಟರಿಗೆ ಹೋಗಬೇಕು. ಅಂಗಡಿಕಾರನ ಬಾಯಲ್ಲಿ ಮಾತ್ರ ಡೆಡ್ ಸ್ಟಾಕ್ ಅಂದರೆ ಮಾರಾಟವಾಗದೆ ಕೂತ ಮಾಲು. ಒಂದೇ ಪದ; ಕಚೇರಿಯಲ್ಲಿ ಒಂದು ಅರ್ಥ, ಅಂಗಡಿಯಲ್ಲಿ ಇನ್ನೊಂದು. ಮಹಾರಾಷ್ಟ್ರದ ಕಚೇರಿಗಳಲ್ಲಿ ಇದಕ್ಕೆ ಮರಾಠಿಯಲ್ಲಿ ‘ಜಡಸಂಗ್ರಹ ನೋಂದವಹಿ’ ಅನ್ನುತ್ತಾರೆ. ಯಾರೋ ಪುಣ್ಯಾತ್ಮರು ‘ಡೆಡ್’ ಎಂಬುದನ್ನು ‘ಸತ್ತ’ ಎಂದು ಮಾಡದೆ ‘ಜಡ’ ಎಂದು ಮಾಡಿದ್ದಾರೆ. ನನಗಿಂತ ಜಾಣರು.

ಅಂದಿನಿಂದ ಆ ನೋಟ್‌ಬುಕ್ಕಿನ ಅಂಚಿನಲ್ಲಿ ಪಟ್ಟಿ ಬೆಳೆಯುತ್ತಾ ಹೋಯಿತು. ವಾಣಿಜ್ಯದವರಿಗೆ ‘ಡೆಡ್’ ಇಲ್ಲದೆ ಹೊತ್ತೇ ಹೋಗುವುದಿಲ್ಲ. ಹಡಗಿನಲ್ಲಿ ಜಾಗ ಕಾಯ್ದಿರಿಸಿ ಮಾಲು ತುಂಬದಿದ್ದರೆ ಕಟ್ಟಬೇಕಾದ ದುಡ್ಡು ಡೆಡ್ ಫ್ರೈಟ್. ಹಡಗು ಒಟ್ಟು ಎಷ್ಟು ಭಾರ ಹೊರಬಲ್ಲದೋ ಅದು ಡೆಡ್‌ವೇಟ್. ಇಲ್ಲೇ ನಮ್ಮ ಹತ್ತಿರದ ನ್ಹಾವಾ ಶೇವಾದಲ್ಲಿ 1989ರಲ್ಲಿ ಬಂದರು ಆರಂಭವಾಯಿತಲ್ಲ, ಅಲ್ಲಿಗೆ ಬರುವ ಹಡಗುಗಳ ಲೆಕ್ಕವೂ ಅದರಲ್ಲೇ. ಅರ್ಥಶಾಸ್ತ್ರದ ಪುಸ್ತಕದಲ್ಲಿ ತೆರಿಗೆಯಿಂದ ಯಾರಿಗೂ ಸಿಗದೆ ಹೋದ ಲಾಭ ಡೆಡ್‌ವೇಟ್ ಲಾಸ್. ಷೇರು ಪೇಟೆಯಲ್ಲಿ ಬಿದ್ದ ಬೆಲೆ ಒಂದು ಸಲ ಸುಮ್ಮನೆ ಪುಟಿದು ಮತ್ತೆ ಬಿದ್ದರೆ ಅದಕ್ಕೆ ಸತ್ತ ಬೆಕ್ಕಿನ ಹೆಸರು. ತುಂಬಾ ಎತ್ತರದಿಂದ ಬಿದ್ದರೆ ಸತ್ತ ಬೆಕ್ಕೂ ಒಂದು ಸಲ ಪುಟಿಯುತ್ತದಂತೆ! ಶತಾಯುಷಿ ಬೆಕ್ಕುಗಳು ನಮ್ಮ ಕಡೆ ಇಲ್ಲವಾದ್ದರಿಂದ ಇದನ್ನು ಪರೀಕ್ಷಿಸಿ ನೋಡಲಿಲ್ಲ.

ಇನ್ನು ‘ಡೆಡ್‌ಲೈನ್’. ಅಸೈನ್‌ಮೆಂಟಿಗೆ ಡೆಡ್‌ಲೈನ್, ಫೀಸಿಗೆ ಡೆಡ್‌ಲೈನ್, ಈ ಪತ್ರಿಕೆಗೆ ಲೇಖನ ಕೊಡಲೂ ಡೆಡ್‌ಲೈನ್. ಆದರೆ ಆ ಪದ ಹುಟ್ಟಿದ್ದು ಸೆರೆಮನೆಯಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಜಾರ್ಜಿಯಾದ ಆ್ಯಂಡರ್ಸನ್‌ವಿಲ್ ಎಂಬಲ್ಲಿ ಯುದ್ಧಕೈದಿಗಳ ಶಿಬಿರವಿತ್ತು. ಬೇಲಿಯಿಂದ ಒಳಗೆ ಸ್ವಲ್ಪ ದೂರದಲ್ಲಿ ಒಂದು ಗೆರೆ. ಅದನ್ನು ದಾಟಿದ ಕೈದಿಗೆ ಕಾವಲುಗಾರ ಗುಂಡು ಹಾರಿಸಬಹುದಿತ್ತು. ಆ ಗೆರೆಯೇ ಡೆಡ್‌ಲೈನ್. ನಾವು ಈಗ ಅದನ್ನು ದಿನಾ ದಾಟುತ್ತೇವೆ. ಹತ್ತು ರೂಪಾಯಿ ದಂಡ ಕಟ್ಟಿದರೆ ಮುಗಿಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ನಗೆಯ ಲೇಖನವಾಗುತ್ತಿತ್ತು. ನಾನೂ ಹಾಗೇ ಅಂದುಕೊಂಡು ಬರೆಯಲು ಕೂತಿದ್ದೆ. ಆದರೆ ಈ ಪದಗಳ ಹಿಂದೆ ಒಂದು ಸಂಗತಿ ಇದೆ. ಅದನ್ನು ಹೇಳದೆ ಮುಂದೆ ಹೋಗಲಾರೆ.

ನಾನು ಹತ್ತನೆಯ ತನಕ ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಆಯಿಯ ಹತ್ತಿರ ಇದ್ದವನು. ಆಯಿ ಅಂದರೆ ಅಪ್ಪನ ತಾಯಿ. ಮರಾಠಿಯ ಆಯಿ ಅಲ್ಲ, ನಮ್ಮ ಕಡೆ ಅಜ್ಜಿಗೆ ಹಾಗನ್ನುತ್ತಾರೆ. ಅಪ್ಪ, ಅವ್ವ ಇಲ್ಲಿ ಬೇಲಾಪುರದಲ್ಲಿ. ಅಪ್ಪ ಗೌಂಡಿ. ಖಾರ್‌ಘರ್‌ನಲ್ಲಿ, ಉಲ್ವೆಯಲ್ಲಿ ಎದ್ದು ನಿಂತಿರುವ ಬಿಲ್ಡಿಂಗುಗಳಲ್ಲಿ ಅವನ ಗಿಲಾವು ಎಷ್ಟೋ ಇದೆ. 1970ರಲ್ಲಿ ಸಿಡ್ಕೊ ಶುರುವಾದ ಮೇಲೆ ಈ ಹೊಸ ಮುಂಬಯಿಯನ್ನು ಕಟ್ಟಿದ ಕೈಗಳಲ್ಲಿ ನಮ್ಮ ವಿಜಯಪುರ, ಕಲಬುರಗಿ ಕಡೆಯ ಕೈಗಳು ಬಹಳ. ಹನ್ನೊಂದನೆಯದಕ್ಕೆ ನಾನೂ ಇಲ್ಲಿಗೆ ಬಂದೆ. ಹನ್ನೆರಡನೆಯದು ಮುಗಿದ ವರ್ಷ, ಎರಡು ವರ್ಷದ ಹಿಂದೆ, ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ಆಸ್ಪತ್ರೆಗೆ ಒಯ್ದೆವು. ಬೆಳಗಿನ ಜಾವ ಡಾಕ್ಟರು ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, ‘ಪೇಶಂಟ್ ಎಕ್ಸ್‌ಪೈರ್ಡ್’ ಅಂದರು. ನರ್ಸ್ ಕೂಡ ಅದೇ ಪದ ಅಂದಳು. ವಾರ್ಡ್‌ಬಾಯ್ ಮಾತ್ರ ಮೆಲ್ಲಗೆ ಮರಾಠಿಯಲ್ಲಿ ‘ವಾರಲೇ’ ಅಂದ.

ಊರಿಗೆ ಫೋನ್ ಮಾಡಬೇಕಿತ್ತು. ಕಾಕಾ ಎತ್ತುತ್ತಾನೆ ಅಂದುಕೊಂಡು ಮಾಡಿದೆ. ಅವ ಹೊಲಕ್ಕೆ ನೀರು ಹಾಯಿಸಲು ಹೋಗಿದ್ದ. ಎತ್ತಿದವಳು ಆಯಿ.

‘ಯಾರು? ತಮ್ಮಾ ನೀಯೇನು? ಇಷ್ಟ ಲಗೂನ ಯಾಕ ಫೋನ್ ಹಚ್ಚಿದಿ?’

ನನ್ನ ಬಾಯಿಗೆ ‘ಸತ್ತ’ ಬರಲಿಲ್ಲ. ‘ತೀರಿಕೊಂಡ’ ಕೂಡ ಬರಲಿಲ್ಲ. ಡಾಕ್ಟರು ಕೊಟ್ಟ ಪದವನ್ನೇ ದಾಟಿಸಿಬಿಟ್ಟೆ. ‘ಆಯಿ, ಅಪ್ಪ ಎಕ್ಸ್‌ಪೈರ್ ಆಗ್ಯಾನ.’

‘ಎಕ್ಸ್‌ಪ್ರೆಸ್ಸಿಗೆ ಬರಾಕತ್ತಾನ? ಯಾವಾಗ ಮುಟ್ತಾನ?’

ನಾನು ಏನೋ ಹೇಳಲು ಹೋದೆ, ಲೈನ್ ಕಟ್ಟಾಯಿತು. ಮತ್ತೆ ಮಾಡಲು ಧೈರ್ಯ ಬರಲಿಲ್ಲ. ಆಸ್ಪತ್ರೆಯ ಕಾಗದಪತ್ರ, ಆಂಬುಲೆನ್ಸಿನ ಮಾತು ಎಂದು ನನಗೆ ನಾನೇ ನೆವ ಹೇಳಿಕೊಂಡೆ. ಕಾಕಾನಿಗೆ ತಿಳಿಸಿದ್ದು ಸುಮಾರು ಮೂರು ತಾಸಿನ ಮೇಲೆ. ಆ ಮೂರು ತಾಸು ಆಯಿ ಮಗ ಬರುತ್ತಾನೆ ಎಂದು ಓಣಿಗೆಲ್ಲಾ ಹೇಳಿ, ಜ್ವಾಳದ ರೊಟ್ಟಿ ಬಡಿದಿದ್ದಳು, ಅವನಿಗೆ ಸೇರುತ್ತದೆಂದು ಶೇಂಗಾ ಹಿಂಡಿ ಕುಟ್ಟಿದ್ದಳು. ಸಂಜೆ ನಾವು ಆಂಬುಲೆನ್ಸಿನಲ್ಲಿ ಊರು ಮುಟ್ಟಿದಾಗ ರೊಟ್ಟಿಬುಟ್ಟಿ ಅರಿವೆ ಮುಚ್ಚಿಕೊಂಡು ಅಡಿಗೆಮನೆಯ ಮೂಲೆಯಲ್ಲಿ ಹಾಗೇ ಇತ್ತು. ಆಯಿ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚಲೋ ಇರುತ್ತಿತ್ತು.

ಯಾಕೆ ಕನ್ನಡದ ಪದ ಬಾಯಿಗೆ ಬರಲಿಲ್ಲ? ಇದನ್ನು ಎರಡು ವರ್ಷದಿಂದ ಕೇಳಿಕೊಳ್ಳುತ್ತಾ ಇದ್ದೇನೆ. ಒಂದು ಕಾರಣ ಈಗ ಹೊಳೆಯುತ್ತದೆ. ನಮ್ಮ ಮನೆಯಲ್ಲಿ ‘ಸಾಯು’ ಎಂಬುದು ದಿನಬಳಕೆಯ ಪದ. ಓದಿ ಓದಿ ಸತ್ತೆ ಅನ್ನುತ್ತೇವೆ. ಜ್ವರ ಬಂದವನಿಗೆ ನಾಲಿಗೆ ಸತ್ತಿರುತ್ತದೆ. ನಾಯಿ ಬೆನ್ನು ಹತ್ತಿದರೆ ಸತ್ತೆನೋ ಕೆಟ್ಟೆನೋ ಎಂದು ಓಡುತ್ತೇವೆ. ಸಿಟ್ಟು ಬಂದರೆ ‘ಸಾಯ್ಲಿ ಬಿಡು ಅತ್ಲಾಗ’. ಇಷ್ಟೊಂದು ಅಗ್ಗವಾದ ಪದವನ್ನು ಅಪ್ಪನಿಗೆ ಹೇಗೆ ಹಚ್ಚುವುದು? ಇಂಗ್ಲಿಷಿನವರದೂ ಇದೇ ಪಾಡು. ಬಾಡಿಗೆ, ಬೆಂಚು, ಬ್ಯಾಟರಿ, ಹಡಗಿನ ಭಾರ ಎಲ್ಲಕ್ಕೂ ‘ಡೆಡ್’ ಅನ್ನುತ್ತಾರೆ. ಮನೆಯ ಮನುಷ್ಯ ಹೋದಾಗ ಮಾತ್ರ ಆ ಪದ ನುಂಗಿಕೊಂಡು ‘ಪಾಸ್ಡ್ ಅವೇ’, ‘ನೋ ಮೋರ್’, ‘ಲೇಟ್’ ಅನ್ನುತ್ತಾರೆ. ತಮಾಷೆಗೆ ಬೇಕಾದರೆ ಬಕೆಟ್ ಒದ್ದ ಅನ್ನುತ್ತಾರೆ. ಅದು 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬಾತ ಬೀದಿಮಾತುಗಳನ್ನು ಕೂಡಿಸಿ ಮಾಡಿದ ನಿಘಂಟಿನಲ್ಲೇ ಇದೆ. ನಮ್ಮಲ್ಲಿ ‘ಗೊಟಕ್ ಅಂದ’ ಅನ್ನುವುದಿಲ್ಲವೇ, ಹಾಗೆ. ಎರಡೂ ಭಾಷೆಯಲ್ಲಿ ಸಾವಿನ ಪದವನ್ನು ಎಲ್ಲದಕ್ಕೂ ಬಳಸುತ್ತೇವೆ, ನಮ್ಮವರ ಸಾವಿಗೆ ಮಾತ್ರ ಬಳಸುವುದಿಲ್ಲ.

ಕನ್ನಡದಲ್ಲಿ ಮುಚ್ಚಿ ಹೇಳುವ ಮಾತು ಎಷ್ಟಿವೆ ಎಂದು ಬರೆಯುತ್ತಾ ಹೋದರೆ ಈ ಸ್ಟೆನ್ಸಿಲ್ ಸಾಲುವುದಿಲ್ಲ. ತೀರಿಕೊಂಡರು, ಕಾಲವಾದರು, ನಿಧನರಾದರು, ಅಸುನೀಗಿದರು, ದೈವಾಧೀನರಾದರು, ಇಹಲೋಕ ತ್ಯಜಿಸಿದರು. ವೈಷ್ಣವರ ಮನೆಯಲ್ಲಿ ವೈಕುಂಠವಾಸಿ, ಶೈವರಲ್ಲಿ ಕೈಲಾಸವಾಸಿ, ಲಿಂಗಾಯತರಲ್ಲಿ ಲಿಂಗೈಕ್ಯ, ಜೈನ ಮುನಿಗಳಿಗೆ ಸಮಾಧಿಮರಣ. ಹೇಗೆ ಸತ್ತ ಅನ್ನುವುದಕ್ಕಿಂತ ಎಲ್ಲಿಗೆ ಹೋದ ಅನ್ನುವುದೇ ಈ ಪದಗಳಲ್ಲಿ ಮುಖ್ಯ. ನಮ್ಮ ಆಯಿ ದೀಪ ಆರಿಸು ಎಂದು ಯಾವತ್ತೂ ಅನ್ನುವುದಿಲ್ಲ, ‘ದೀಪ ಶಾಂತ ಮಾಡು’ ಅನ್ನುತ್ತಾಳೆ. ಹೊರಗೆ ಹೊರಟವನು ‘ಹೋಗ್ತೀನಿ’ ಅಂದರೆ ತಡೆದು, ‘ಹೋಗಿ ಬರ್ತೀನಿ ಅನ್ನು’ ಅನ್ನುತ್ತಾಳೆ. ಉಸಿರಿನ ಮಾತೂ ಹಾಗೇ. ‘ಎಕ್ಸ್‌ಪೈರ್’ ಎಂಬುದರ ಲ್ಯಾಟಿನ್ ಮೂಲದ ಅರ್ಥ ಉಸಿರು ಹೊರಗೆ ಬಿಡುವುದು. ನಾವು ಅನ್ನುವುದು ‘ಕೊನೆಯುಸಿರೆಳೆದರು’. ಅವರು ಬಿಡುತ್ತಾರೆ, ನಾವು ಎಳೆದುಕೊಳ್ಳುತ್ತೇವೆ.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂತು. 1976ರಲ್ಲಿ ಎ. ಕೆ. ರಾಮಾನುಜನ್ ಅದನ್ನು ಇಂಗ್ಲಿಷಿಗೆ ತಂದಾಗ ಹೆಸರಿನ ಕೆಳಗೆ ‘ಸತ್ತ ಮನುಷ್ಯನಿಗೊಂದು ಕರ್ಮ’ ಎಂಬ ಅರ್ಥ ಬರುವ ಒಂದು ಸಾಲು ಸೇರಿಸಬೇಕಾಯಿತು. ಅದರಲ್ಲಿ ‘ಡೆಡ್’ ಇದೆ. ಕನ್ನಡದ ಹೆಸರಿನಲ್ಲಿ ಆ ಪದವಿಲ್ಲ; ಆದರೂ ಶವ ಇನ್ನೂ ಒಳಗೇ ಇದೆ ಎಂದು ಕನ್ನಡದವನಿಗೆ ತಿಳಿಯುತ್ತದೆ.

ಹಾಗಾದರೆ ‘ಸತ್ತ’ ಎಂಬುದು ಕೀಳು ಪದವೇ? ಅಲ್ಲ ಅನಿಸುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಕಲ್ಲೊಂದಿದೆ, 949–50ರ ಕಾಲದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳರ ಮೇಲೆ ಗೆದ್ದ ಸಂಗತಿ ಅದರಲ್ಲಿದೆ. ಜೊತೆಗೆ ಕಾಳಿ ಎಂಬ ನಾಯಿಯ ಕಥೆಯೂ ಇದೆ. ದೊಡ್ಡ ಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟರು, ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು ಎಂದು ಹೇಳುವಾಗ ಆ ಶಾಸನ ಬಳಸಿದ್ದು ನಮ್ಮ ಈ ‘ಸಾಯು’ ಎಂಬ ಪದವನ್ನೇ. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆ ಭೂಮಿ ಬಿಟ್ಟರು. ಅಷ್ಟು ಗೌರವ ಇಟ್ಟುಕೊಂಡವರಿಗೆ ಪದವನ್ನು ಮುಚ್ಚುವ ಅಗತ್ಯ ಕಾಣಲಿಲ್ಲ. ಇದನ್ನು ಓದಿದ ದಿನ ನನಗೆ ಸ್ವಲ್ಪ ಸಮಾಧಾನವಾಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಅಪ್ಪ ಹೋದ ಮೇಲೆ ಕಾಗದದ ಕೆಲಸ ಶುರುವಾಯಿತು. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು ಎಂದು 1969ರ ಜನನ ಮರಣ ನೋಂದಣಿ ಕಾಯಿದೆ ಹೇಳುತ್ತದೆ. ಪ್ರಮಾಣಪತ್ರದಲ್ಲಿ ಮರಾಠಿ, ಇಂಗ್ಲಿಷ್. ಇಲ್ಲಿನ ಕಚೇರಿಯವರ ಬಾಯಲ್ಲಿ ‘ಮಯತ’. ಊರಿನಲ್ಲಿ ಎರಡೆಕರೆ ಹೊಲದ ಉತಾರದಲ್ಲಿ ಹೆಸರು ಬದಲಿಸಲು ತಲಾಟಿಯ ಹತ್ತಿರ ಹೋದರೆ ‘ಪೌತಿ ಖಾತೆ’. ಮಯತ, ಪೌತಿ ಎರಡೂ ಅರಬ್ಬಿ ಮೂಲದವು. ಸತ್ತವನು ಕನ್ನಡದವನು, ಅವನ ಸಾವಿಗೆ ಅರಬ್ಬಿ, ಇಂಗ್ಲಿಷ್, ಮರಾಠಿ ಎಲ್ಲಾ ಬೇಕಾಯಿತು. ಆದರೂ ಈ ಕಾಗದಗಳು ಹಗುರವಲ್ಲ. ಉತ್ತರ ಪ್ರದೇಶದ ಆಜಂಗಢದ ಲಾಲ್ ಬಿಹಾರಿ ಎಂಬ ರೈತನನ್ನು ಜಮೀನಿನ ದಾಖಲೆಯಲ್ಲಿ ‘ಮೃತ’ ಎಂದು ಬರೆದಿದ್ದರು. 1975ರಿಂದ 1994ರ ತನಕ ಬದುಕಿದ್ದೂ ಕಾಗದದಲ್ಲಿ ಸತ್ತವನಾಗಿದ್ದು, ತನ್ನ ಹೆಸರಿನ ಜೊತೆ ‘ಮೃತಕ’ ಎಂದು ಸೇರಿಸಿಕೊಂಡು ಹೋರಾಡಿ ಕೊನೆಗೆ ಜೀವಂತನಾದ. ಒಂದು ಪದಕ್ಕೆ ಹತ್ತೊಂಬತ್ತು ವರ್ಷ!

ಬ್ಯಾಂಕಿಗೆ ಅವ್ವನನ್ನು ಕರೆದುಕೊಂಡು ಹೋದೆ. ಎರಡು ವರ್ಷ ವ್ಯವಹಾರವಿಲ್ಲದಿದ್ದರೆ ಖಾತೆ ನಿಷ್ಕ್ರಿಯ, ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. 2014ರಿಂದ ಬಂದ ವ್ಯವಸ್ಥೆ ಇದು. ಪುಸ್ತಕದಲ್ಲಿ ಓದಿದ್ದೆ. ಆದರೆ ಕೌಂಟರಿನ ಸಾಹೇಬರು ಫಾರ್ಮ್ ನೋಡಿ ‘ಅಕೌಂಟ್ ಹೋಲ್ಡರ್ ಎಕ್ಸ್‌ಪೈರ್ಡ್?’ ಅಂದಾಗ ಪುಸ್ತಕ ಮರೆತುಹೋಯಿತು. ಮತ್ತೆ ಅದೇ ಪದ.

ಅವ್ವ ಕೇಳಿದಳು, ‘ಎಕ್ಸ್‌ಪೈರ್ ಅಂದ್ರ ಏನೋ?’

‘ಮುದತ್ತು ಮುಗೀತು ಅಂತ.’

‘ಔಷಧದ ಮ್ಯಾಲ ತಾರೀಖ ಬರದಿರ್ತಾರಲ್ಲ, ಅದ ಏನು?’

‘ಹೂಂ.’

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮನಷ್ಯಾನ ಹಣಿಮ್ಯಾಲೂ ಬರದಿರ್ತೈತಿ ಅಂತಾರ. ಹಂಗಾದ್ರ ಅವ್ರು ಅಂದದ್ದು ಖರೇ ಐತಿ’ ಅಂದಳು. ನಾನು ಮುಚ್ಚಿಡಲು ಬಳಸಿದ ಪದವನ್ನು ಅವಳು ಬಿಚ್ಚಿ ನೋಡಿ ಒಪ್ಪಿಕೊಂಡುಬಿಟ್ಟಳು.

ಈಗ ಕೊನೆಯ ಮಾತು, ಅದು ಸಾಲದ್ದು. ‘ಮಾರ್ಟ್‌ಗೇಜ್’ ಎಂಬ ಪದ ಹಳೆಯ ಫ್ರೆಂಚಿನಿಂದ ಬಂದದ್ದು, ಅರ್ಥ ‘ಸತ್ತ ಒತ್ತೆ’. ಸಾಲ ತೀರಿಸಿದರೆ ಸಾಲ ಕೊಟ್ಟವನ ಪಾಲಿಗೆ ಒತ್ತೆ ಸತ್ತಿತು. ತೀರಿಸದಿದ್ದರೆ ಸಾಲಗಾರನ ಪಾಲಿಗೆ ಆಸ್ತಿ ಸತ್ತಿತು. ‘ಅಮಾರ್ಟೈಸೇಶನ್’ ಅಂದರೂ ಸಾಲವನ್ನು ಕಂತು ಕಂತಾಗಿ ಸಾಯಿಸುವುದೇ. ಇಂಗ್ಲಿಷಿನವರು ಸಾಲದ ಮಾತಿನೊಳಗೆ ಸಾವನ್ನು ತಂದಿಟ್ಟಿದ್ದಾರೆ. ಕನ್ನಡದಲ್ಲಿ ಇದು ಉಲ್ಟಾ. ನಾವು ಸಾವಿನ ಮಾತಿನೊಳಗೆ ಸಾಲವನ್ನು ತಂದಿಟ್ಟಿದ್ದೇವೆ. ಸಾಲ ತೀರಿತು; ಮನುಷ್ಯ ತೀರಿಕೊಂಡ. ಅನ್ನದ ಋಣ ತೀರಿತು, ಭೂಮಿಯ ಋಣ ತೀರಿತು ಅನ್ನುತ್ತೇವೆ. ಹುಟ್ಟಿದವನ ಹೆಸರಿಗೆ ಒಂದು ಖಾತೆ, ಲೆಕ್ಕ ಸರಿಹೋದ ದಿನ ಅವ ಹೊರಡಬಹುದು ಎಂಬಂತೆ.

ಅಪ್ಪನ ಲೆಕ್ಕ ಸರಿಹೋಗಿರಲಿಲ್ಲ. ಅಕ್ಕನ ಮದುವೆಗೆಂದು ಮುಕಾದಮನ ಹತ್ತಿರ 60,000 ರೂಪಾಯಿ ತೆಗೆದುಕೊಂಡಿದ್ದ. ಕಾಗದವಿಲ್ಲ, ಬಾಯಿಮಾತು. ದಿನ ಮುಗಿಸಿ ಊರಿನಿಂದ ಬಂದ ವಾರವೇ ಅವ್ವ ಮುಕಾದಮನ ಮನೆಗೆ ಹೋಗಿ, ತಿಂಗಳಿಗೆ 3,000 ಕೊಡುತ್ತೇನೆ ಎಂದು ಹೇಳಿಬಂದಳು. ಅವಳು ನಾಲ್ಕು ಮನೆಗಳಲ್ಲಿ ಚಪಾತಿ ಮಾಡಿಕೊಡುತ್ತಾಳೆ. ನಾನು ಬಿ.ಕಾಂ. ವಿದ್ಯಾರ್ಥಿ, ಸುಮ್ಮನಿರಲಿಲ್ಲ. ‘ಅವ್ವ, ಅಪ್ಪನ ಸಾಲ ಅಪ್ಪನಿಂದ ಬಂದ ಆಸ್ತಿ ಮಟ್ಟಿಗಷ್ಟ ವಾರಸದಾರರಿಗೆ ಬರ್ತೈತಿ. ಮಗ ಅಪ್ಪನ ಸಾಲ ಧರ್ಮಕ್ಕ ತೀರಸಬೇಕು ಅನ್ನೋ ಹಳೇ ಕಟ್ಟಳಿ 2005ರ ತಿದ್ದುಪಡಿ ಆದಮ್ಯಾಗ ಕೋರ್ಟಿನಾಗ ನಡಿಯಂಗಿಲ್ಲ’ ಎಂದೆ.

ಅವ್ವ ಹಿಟ್ಟು ನಾದುತ್ತಾ ಇದ್ದಳು. ತಲೆ ಎತ್ತದೆ ಅಂದಳು: ‘ಅವ ತೀರಿದ, ಸಾಲ ತೀರಿಲ್ಲ. ನಿಮ್ಮಪ್ಪ ಎಂಥವ ಇದ್ದ ಅಂತ ನಿನ್ನ ಕೋರ್ಟಿಗೆ ಗೊತ್ತೇನು?’

ಇಪ್ಪತ್ತು ತಿಂಗಳು. ಕಳೆದ ತಿಂಗಳು ಕೊನೆಯ ಕಂತು ಕೊಟ್ಟು ಬಂದೆವು. ಮುಕಾದಮ ಚಹಾ ಕುಡಿಸಿದ, ಅಪ್ಪನ ಗಿಲಾವಿನ ಕೈಗುಣ ಹೊಗಳಿದ. ಹೊರಗೆ ರಸ್ತೆಗೆ ಬಂದ ಮೇಲೆ ಅವ್ವ ‘ತೀರ್ತು’ ಎಂದು ಒಂದೇ ಪದ ಅಂದಳು. ಅಂದು ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತು ಅತ್ತಳು. ಅಪ್ಪನ ಮಣ್ಣಿನ ದಿನವೂ ಅವಳು ಹಾಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ.

ಆ ರಾತ್ರಿ ಆಯಿಗೆ ಫೋನ್ ಮಾಡಿದೆ. ಈ ಸಲ ಯಾವ ಇಂಗ್ಲಿಷ್ ಪದವನ್ನೂ ನಡುವೆ ತರಬಾರದೆಂದು ಮೊದಲೇ ಯೋಚಿಸಿಕೊಂಡಿದ್ದೆ.

‘ಆಯಿ, ಅಪ್ಪ ಸತ್ತ ದಿನ ನಾ ನಿನಗ ಸರಿಯಾಗಿ ಹೇಳಲಿಲ್ಲ. ನನ್ನ ತಪ್ಪಾತು. ಇವತ್ತ ಅವನ ಸಾಲ ತೀರ್ತು.’

ಆಚೆ ಕಡೆ ಬಹಳ ಹೊತ್ತು ಮಾತಿಲ್ಲ. ಲೈನ್ ಮತ್ತೆ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಆಯಿ ಅಂದಳು: ‘ಹಂಗಾದ್ರ ಈಗ ಖರೇ ತೀರಿಕೊಂಡ ನೋಡು, ತಮ್ಮಾ. ಉಂಡಿಯೇನು?’

ಉಂಡೆ ಅಂದೆ.

ಗೆಳೆಯರೇ, ನಮ್ಮ ಬಳಗದಲ್ಲಿ ಉಡುಪಿಯವರಿದ್ದೀರಿ, ಕಾರವಾರದವರಿದ್ದೀರಿ, ಕಲಬುರಗಿಯವರಿದ್ದೀರಿ. ನಿಮ್ಮ ಮನೆಗಳಲ್ಲಿ ಈ ಸಂಗತಿಗೆ ಏನನ್ನುತ್ತಾರೆ? ಹಿರಿಯರು ಇರುವಾಗಲೇ ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಂಡು ಮುಂದಿನ ಸಭೆಗೆ ತನ್ನಿ. ಬೇಕಾದಾಗ ಆ ಪದ ಬಾಯಿಗೆ ಬರುವಂತಿರಲಿ.